ಕಂಪ್ಯೂಟರ್ ಕೆಟ್ಟಿರಲಿಲ್ಲ, ಕೆಡಿಸಿದರು!

ದಾವಣಗೆರೆ: ಕೆಂಪು ಅಕ್ಷರ ಕಂಡರೆ ಬ್ಯಾಂಕಿನ ನೋಟೀಸೋ, ಕರೆಂಟ್ ಬಾಕಿಯೋ ಎಂದು ಎದೆ ಧಸಕ್ಕೆನ್ನುವುದು ವ್ಯಾಪಾರಸ್ಥರಿಗೆ ಹಳೇ ರೂಢಿ. ಬಸ್ ಸ್ಟ್ಯಾಂಡಿಗೆ ಕೂಗಳತೆಯಲ್ಲಿರುವ ಒಂದು ಜೆರಾಕ್ಸ್ ಅಂಗಡಿಯ ಮಾಲೀಕರಿಗೆ ಆ ಕೆಂಪು ಅಕ್ಷರ ಕಂಡದ್ದು ಕಂಪ್ಯೂಟರಿನ ಪರದೆ ಮೇಲೆ. ಅದರಿಂದ ಅವರು ಕಳಕೊಂಡದ್ದು ಮೂರು ವರ್ಷದ ಉದ್ರಿ ಲೆಕ್ಕ.

ಅಂಗಡಿಯ ಹೆಸರು ಬೇಡ. 'ಪೇಪರ್‌ನಾಗೆ ನಮ್ಮ ಹೆಸರು ಬಂದ್ರೆ, ಕೊಡಬೇಕಾದೋರು ಇನ್ನೂ ಕೊಡೋದಿಲ್ರಿ' ಎಂದು ಅವರೇ ಕೈ ಮುಗಿದಿದ್ದಾರೆ. ಪಹಣಿ ಪ್ರಿಂಟು, ಜಾತಿ-ಆದಾಯ ಪತ್ರದ ಅರ್ಜಿ, ಹುಡುಗರ ಹಾಲ್ ಟಿಕೆಟ್ಟು, ಪಕ್ಕದಲ್ಲಿ ನೋಟ್‌ಬುಕ್ಕು, ಗಮ್ಮು, ಪೆನ್ನು. ಇಷ್ಟರಲ್ಲಿ ನಾಲ್ಕು ಜನರ ಸಂಸಾರ. ಸಂಜೆ ಬಸ್ ಹಿಡಿಯುವವರು ಓಡಿ ಬಂದು 'ಬೇಗ ಬೇಗ' ಅನ್ನುವ ಅಂಗಡಿ. ಚಿಲ್ಲರೆ ಇಲ್ಲ ಅಂದರೆ 'ನಾಳೆ ಕೊಡ್ರಿ' ಅನ್ನುವ ಅಂಗಡಿಯೂ ಹೌದು. ಆ 'ನಾಳೆ'ಗಳನ್ನೆಲ್ಲ ಅವರು ಕಂಪ್ಯೂಟರಿನಲ್ಲಿ ಒಂದು ಪಟ್ಟಿ ಮಾಡಿ ಇಟ್ಟಿದ್ದರು.

ಇದು ನಡೆದದ್ದು 2024ರ ಜನವರಿಯಲ್ಲಿ. ಈಗ ಯಾಕೆ ಬರೆಯಬೇಕಾಯಿತು ಎಂದರೆ, ಅದೇ ಕೆಂಪು ಅಕ್ಷರ, ಅದೇ ನಂಬರು ಆಮೇಲೂ ನಾಲ್ಕಾರು ಅಂಗಡಿಗಳಲ್ಲಿ ಕಂಡಿದೆ. ಅದನ್ನು ತೋರಿಸಿ ದುಡ್ಡು ಕೀಳುವವರೂ ಊರಿನಲ್ಲಿ ಆರಾಮಾಗಿ ಓಡಾಡಿಕೊಂಡಿದ್ದಾರೆ.

ಇಪ್ಪತ್ತು ದಿನದ ಹರಕೆ

ಸಂಕ್ರಾಂತಿಗೆ ನಾಲ್ಕು ದಿನ ಮುಂಚೆ. ಬಾಗಿಲು ತೆಗೆದು, ಊದಿನಕಡ್ಡಿ ಹಚ್ಚಿ, ಕಂಪ್ಯೂಟರ್ ಹಾಕಿದರೆ ಅಪ್‌ಡೇಟ್ ಬಂದು ಕೂತಿತ್ತು. ಸರಿ, ಮಾಡಿಕೊಳ್ಳಲಿ ಎಂದು ಬಿಟ್ಟರು. ಗೆರೆ ಮುಂದಕ್ಕೆ ಸರಿಯಿತು, ಇನ್ನೇನು ಮುಗೀತು ಅನ್ನುವಾಗ ನಿಂತಿತು. ಕೆಂಪು ಅಕ್ಷರದಲ್ಲಿ ಒಂದು ನಂಬರು: 0ಎಕ್ಸ್80070643. ಕೆಳಗೆ 'ಮತ್ತೆ ಪ್ರಯತ್ನಿಸಿ' ಎಂಬ ಗುಂಡಿ.

ಗುಂಡಿ ಒತ್ತಿದರು. ಮತ್ತೆ ಅದೇ. ಮಧ್ಯಾಹ್ನ ಒತ್ತಿದರು, ರಾತ್ರಿ ಬಾಗಿಲು ಹಾಕುವಾಗ ಒತ್ತಿದರು. ಜಾಗ ಸಾಲದೇನೋ ಎಂದು ಮಗಳ ನಾಮಕರಣದ ವಿಡಿಯೋ ಅಳಿಸಿದರು. ಸಿ ಡ್ರೈವ್ ಅನ್ನುವ ಭಾಗದಲ್ಲಿ ನೂರು ಜಿ.ಬಿ.ಗೂ ಮೇಲೆ ಖಾಲಿ ಇದೆ ಎಂದು ಕಂಪ್ಯೂಟರೇ ತೋರಿಸುತ್ತಿತ್ತು. ಆದರೂ ಆಗಲಿಲ್ಲ. ಮೊಬೈಲಿನ ನೆಟ್ ಪ್ಯಾಕ್ ಎರಡು ಸಲ ಮುಗಿಯಿತು. ಇದು ಮಂಗಳವಾರ ಹೊರಟ ಅಪ್‌ಡೇಟು, ಮೇಲಾಗಿ ಅಮಾವಾಸ್ಯೆಯ ಹಿಂದುಮುಂದು. ಮನೆಯಾಕೆ ಒಂದು ನಿಂಬೆಹಣ್ಣು ತಂದು ಮಾನಿಟರ್ ಮೇಲೆ ಇಟ್ಟು ಹೋದರಂತೆ. ನಗಬೇಡಿ. ಮುಂದೆ ಬಂದ ಮಹಾನುಭಾವ ಮಾಡಿದ್ದಕ್ಕಿಂತ ನಿಂಬೆಹಣ್ಣೇ ವಾಸಿ.

ಆ ಮಹಾನುಭಾವ ರಿಪೇರಿಯವನು. ಕುತ್ತಿಗೆಗೆ ಪೆನ್‌ಡ್ರೈವ್ ನೇತುಹಾಕಿಕೊಂಡು ಬಂದ. ನಂಬರು ನೋಡಿದ, ಓದಲಿಲ್ಲ. 'ವೈರಸ್ ಸಾರ್. ಹಾರ್ಡ್ ಡಿಸ್ಕ್ ಹೋಗೋ ಸೂಚನೆ. ಫಾರ್ಮ್ಯಾಟ್ ಹೊಡೀಬೇಕು, ಎಂಟುನೂರು ಆಗುತ್ತೆ' ಅಂದ. 'ನನ್ನ ಲೆಕ್ಕ?' ಎಂದು ಇವರು ಕೇಳಿದ್ದಕ್ಕೆ, 'ಡಿ ಡ್ರೈವ್‌ನಾಗಿದ್ದದ್ದು ಎಲ್ಲೂ ಹೋಗಲ್ಲ' ಅಂದ. ಮಾತು ಸುಳ್ಳಲ್ಲ. ಆದರೆ ಉದ್ರಿ ಪಟ್ಟಿ ಇದ್ದದ್ದು ಡಿ ಡ್ರೈವಿನಲ್ಲಲ್ಲ, ಪರದೆ ಮೇಲೆ ಎದುರಿಗೇ, ಡೆಸ್ಕ್‌ಟಾಪ್ ಅನ್ನುವ ಜಾಗದಲ್ಲಿ. ಕಣ್ಣಿಗೆ ಕಾಣುವ ಆ ಜಾಗ ಸಾಮಾನ್ಯವಾಗಿ ಸಿ ಡ್ರೈವಿನ ಒಳಗಿರುತ್ತದೆ ಎಂಬುದು ಅಂಗಡಿಯವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದವನು ಕೇಳಲಿಲ್ಲ.

ಒಂದೂವರೆ ತಾಸಿನಲ್ಲಿ ಕಂಪ್ಯೂಟರ್ ಹೊಸ ಮದುಮಗನ ಹಾಗೆ ಬಂದು ಕೂತಿತು. ಪಟ್ಟಿ ಮಾಯ.

ಇದಕ್ಕಿಂತ ಚೋದ್ಯ ಮುಂದಿದೆ. ಮೂರನೇ ದಿನಕ್ಕೆ ಅಪ್‌ಡೇಟ್ ಮತ್ತೆ ಬಂತು. ಗೆರೆ ಮುಂದಕ್ಕೆ ಸರಿಯಿತು. ನಿಂತಿತು. ಅದೇ ಕೆಂಪು ಅಕ್ಷರ, ಅದೇ ನಂಬರು!

ಹಿಂದಿನ ಕೋಣೆ ಚಿಕ್ಕದು

ಆ ನಂಬರಿನ ಜಾತಕ ಏನು ಎಂದು ಈ ವರದಿಗಾರ ಕೆದಕಿ ನೋಡಿದ್ದಾನೆ. ಪಿಯುಸಿ ಅರ್ಧಕ್ಕೇ ಬಿಟ್ಟ ನಮ್ಮಂಥವರಿಗೂ ಅರ್ಥವಾಗುವ ಸಂಗತಿ ಅದು. ರಿಪೇರಿಯವನಿಗೆ ಯಾಕೆ ಆಗಲಿಲ್ಲವೋ!

ವಿಂಡೋಸ್ ತಯಾರಿಸುವ ಮೈಕ್ರೋಸಾಫ್ಟ್ ಕಂಪನಿ ಪ್ರತಿ ತಿಂಗಳ ಎರಡನೇ ಮಂಗಳವಾರ ಅಪ್‌ಡೇಟ್ ಬಿಡುತ್ತದೆ. 2024ರ ಜನವರಿ 9ರಂದು ಬಿಟ್ಟದ್ದರಲ್ಲಿ ವಿಂಡೋಸ್ 10ಕ್ಕೆ ಬಂದ ಒಂದರ ಹೆಸರು ಕೆಬಿ 5034441. ಇದು ಆಗದೆ ಸಿಕ್ಕಿಹಾಕಿಕೊಂಡದ್ದು ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಮಾತ್ರ ಅಲ್ಲ. ದೇಶ ವಿದೇಶದ ಜನ ಇದೇ ನಂಬರು ಹಿಡಿದುಕೊಂಡು ಗೋಳಾಡಿದರು. ಕೊನೆಗೆ ಕಂಪನಿಯೇ ಇಂಥ ತೊಂದರೆ ಇದೆ ಎಂದು ಒಪ್ಪಿಕೊಂಡಿತು.

ಮಂಡಿಪೇಟೆಯ ಒಂದು ಗೋದಾಮು ನೆನೆಸಿಕೊಳ್ಳಿ. ಒಳಗೆ ಗೋಡೆ ಕಟ್ಟಿ ಮೂರು ನಾಲ್ಕು ಭಾಗ ಮಾಡಿದ್ದಾರೆ. ಮುಂದೆ ದೊಡ್ಡ ಹಾಲು, ಅದು ಸಿ ಡ್ರೈವ್. ಹಿಂದೆ ಗೋಡೆಯಾಚೆ ಒಂದು ಗೂಡಿನಂಥ ಕೋಣೆ. ಅಲ್ಲಿ ಒಂದು ಲಾಟೀನು, ಒಂದು ಏಣಿ, ಸುತ್ತಿಗೆ, ಹೆಚ್ಚುವರಿ ಕೀಲಿಕೈ. ಮುಂದಿನ ಬಾಗಿಲು ಜಾಮ್ ಆದ ದಿನ ಹಿಂದಿನಿಂದ ಬಂದು ತೆಗೆಯಲಿಕ್ಕೆ ಬೇಕಾದ ಸಾಮಾನು. ಕಂಪ್ಯೂಟರಿನ ಹಾರ್ಡ್ ಡಿಸ್ಕಿನಲ್ಲೂ ಇಂಥದೇ ಒಂದು ಕೋಣೆ ಇರುತ್ತದೆ. ರಿಕವರಿ ಪಾರ್ಟಿಷನ್ ಎಂದು ಹೆಸರು. ವಿಂಡೋಸ್ ಎದ್ದೇಳದೆ ಮಲಗಿದಾಗ ಅದನ್ನು ಎಬ್ಬಿಸುವ ಸಲಕರಣೆ ಅಲ್ಲಿರುತ್ತದೆ. ಬಹಳ ಯಂತ್ರಗಳಲ್ಲಿ ಇದರ ಗಾತ್ರ ಸುಮಾರು 500 ಎಂ.ಬಿ. ಆಸುಪಾಸು, ಅಷ್ಟೆ. ಮಾಮೂಲಿಯಾಗಿ ಡ್ರೈವ್‌ಗಳ ಪಟ್ಟಿಯಲ್ಲಿ ಅದು ಕಾಣುವುದೂ ಇಲ್ಲ.

ಆ ಜನವರಿಯ ಅಪ್‌ಡೇಟು ಬದಲಾಯಿಸಬೇಕಿದ್ದದ್ದು ಈ ಹಿಂದಿನ ಕೋಣೆಯ ಸಾಮಾನನ್ನು. ಹೊಸ ಸಾಮಾನು ಇಳಿಸಲು ಆ ಕೋಣೆಯಲ್ಲೇ 250 ಎಂ.ಬಿ. ಖಾಲಿ ಬೇಕು. ಬಹಳ ಯಂತ್ರಗಳಲ್ಲಿ ಅಷ್ಟು ಜಾಗ ಇರಲಿಲ್ಲ. ಲಾರಿ ಬಂತು, ಕೋಣೆ ಹಿಡಿಸಲಿಲ್ಲ, ವಾಪಸ್ ಹೋಯಿತು. ಮರುದಿನ ಮತ್ತೆ ಬಂತು. ಮುಂದಿನ ಹಾಲಿನಲ್ಲಿ ನೂರು ಚೀಲದ ಜಾಗ ಖಾಲಿ ಹೊಡೆಯುತ್ತಿದ್ದರೂ ಉಪಯೋಗವಿಲ್ಲ, ನಡುವೆ ಗೋಡೆ ಇದೆಯಲ್ಲ! ಮಗಳ ನಾಮಕರಣದ ವಿಡಿಯೋ ಅಳಿಸಿದ್ದು ಸುಮ್ಮನೆ ದಂಡ. ರಿಪೇರಿಯವನು ಫಾರ್ಮ್ಯಾಟ್ ಹೊಡೆದದ್ದೂ ಮುಂದಿನ ಹಾಲಿಗೇ. ಹಿಂದಿನ ಕೋಣೆ ಇದ್ದ ಹಾಗೇ ಇತ್ತು. ಮೂರನೇ ದಿನಕ್ಕೆ ಲಾರಿ ಮತ್ತೆ ಬಂದದ್ದರಲ್ಲಿ ಆಶ್ಚರ್ಯವೇನು?

ಹಾಗಾದರೆ 'ಹಿಂದಿನ ಕೋಣೆಯಲ್ಲಿ ಜಾಗ ಸಾಲದು' ಎಂದು ಕಂಪ್ಯೂಟರ್ ಬಾಯಿಬಿಟ್ಟು ಹೇಳಬಾರದಿತ್ತೇ? ಹೇಳಬೇಕಾಗಿತ್ತು. ತಪ್ಪು ತಿಳಿಸುವ ಭಾಗದಲ್ಲೇ ಒಂದು ತಪ್ಪಿತ್ತು! ಜಾಗ ಸಾಲದು ಎಂಬ ಸೂಚನೆ ಬರಬೇಕಾದ ಕಡೆ ಈ 0643 ಬರುತ್ತಿದೆ ಎಂದು ಕಂಪನಿ ತನ್ನ ಪ್ರಕಟಣೆಯಲ್ಲೇ ಬರೆದುಕೊಂಡಿದೆ. 0643 ಅನ್ನುವುದು ಕಂಪ್ಯೂಟರಿನವರ ಹದಿನಾರರ ಮಗ್ಗಿಯ ಲೆಕ್ಕ. ನಮ್ಮ ಲೆಕ್ಕಕ್ಕೆ ತಿರುಗಿಸಿದರೆ 1603. ಅದರ ಅರ್ಥ 'ಅಳವಡಿಕೆ ವಿಫಲವಾಯಿತು' ಎಂದಷ್ಟೆ. ಡಾಕ್ಟರ ಹತ್ತಿರ ಹೋಗಿ ಏನು ಕಾಯಿಲೆ ಎಂದರೆ 'ಹುಷಾರಿಲ್ಲ' ಎಂದು ಚೀಟಿ ಬರೆದುಕೊಟ್ಟ ಹಾಗೆ.

ಬೀಗ ಇಲ್ಲದ ಮನೆಗೆ ಬೀಗದ ರಿಪೇರಿ

ಇನ್ನೂ ಒಂದು ಮಾತಿದೆ, ಹೊಟ್ಟೆ ಉರಿಯುವಂಥದ್ದು. ಆ ಅಪ್‌ಡೇಟು ಯಾಕೆ ಬೇಕಿತ್ತು? ವಿಂಡೋಸಿನಲ್ಲಿ ಬಿಟ್‌ಲಾಕರ್ ಎಂಬ ಒಂದು ಬೀಗ ಇದೆ. ಡಿಸ್ಕಿನಲ್ಲಿರುವುದನ್ನೆಲ್ಲ ಗೂಢಲಿಪಿಗೆ ತಿರುಗಿಸಿ ಇಡುವುದು ಅದರ ಕೆಲಸ, ಲ್ಯಾಪ್‌ಟಾಪ್ ಕದ್ದವನಿಗೂ ಓದಲು ಬರುವುದಿಲ್ಲ. ಯಂತ್ರ ಕೈಗೆ ಸಿಕ್ಕವನು ಹಿಂದಿನ ಕೋಣೆಯ ದಾರಿಯಿಂದ ಆ ಬೀಗ ತಪ್ಪಿಸಿ ಒಳಗೆ ನುಗ್ಗಬಹುದಾದ ಒಂದು ಕಿಂಡಿ ಪತ್ತೆಯಾಗಿತ್ತು. ಅದನ್ನು ಮುಚ್ಚಲಿಕ್ಕೆ ಬಂದದ್ದು ಈ ಅಪ್‌ಡೇಟು. ಬ್ಯಾಂಕು, ದೊಡ್ಡ ಕಚೇರಿ, ವಕೀಲರು, ಆಡಿಟರುಗಳಿಗೆ ಬೇಕಾದದ್ದೇ, ಇಲ್ಲ ಎನ್ನುವುದಿಲ್ಲ.

ನಮ್ಮ ಜೆರಾಕ್ಸ್ ಅಂಗಡಿಯ ಕಂಪ್ಯೂಟರಿಗೆ ಆ ಬೀಗವೇ ಹಾಕಿರಲಿಲ್ಲ! ಬೀಗ ಇಲ್ಲದ ಬಾಗಿಲಿಗೆ ಬೀಗದ ಬಿರುಕು ಮುಚ್ಚುವ ಕೆಲಸ. ಅದು ಆಗದಿದ್ದರೆ ಅಂಗಡಿಗೆ ಬಿಡಿಗಾಸಿನ ನಷ್ಟ ಇರಲಿಲ್ಲ. ಪ್ರಿಂಟು ಬರುತ್ತಿತ್ತು, ಪಹಣಿ ತೆರೆಯುತ್ತಿತ್ತು, ಆ ತಿಂಗಳ ಬೇರೆ ಅಪ್‌ಡೇಟುಗಳೂ ತಮ್ಮ ಪಾಡಿಗೆ ಆಗಿದ್ದವು. ಹಿಂದಿನ ಕೋಣೆಯೇ ಇಲ್ಲದ ಯಂತ್ರಗಳಿಗೂ ಈ ಅಪ್‌ಡೇಟು ಹೋಗಿ ಕೆಂಪು ಅಕ್ಷರ ತೋರಿಸಿತ್ತು. ಅಂಥವರು ಇದನ್ನು ಲೆಕ್ಕಕ್ಕೇ ಇಟ್ಟುಕೊಳ್ಳಬೇಕಾಗಿಲ್ಲ ಎಂದು ಕಂಪನಿಯೇ ಹೇಳಿತ್ತು.

ಬೇಕೇ ಬೇಕು ಅನ್ನುವವರಿಗೆ ಇದ್ದ ದಾರಿ ಗೋಡೆ ಸರಿಸುವುದು. ಮೊದಲು ಹಿಂದಿನ ಕೋಣೆಗೆ ತಾತ್ಕಾಲಿಕವಾಗಿ ರಜೆ ಕೊಡಬೇಕು, ಸಿ ಡ್ರೈವನ್ನು 250 ಎಂ.ಬಿ. ಕುಗ್ಗಿಸಬೇಕು, ಹಳೇ ಕೋಣೆ ಕೆಡವಬೇಕು, ಎರಡೂ ಜಾಗ ಸೇರಿಸಿ ದೊಡ್ಡದು ಕಟ್ಟಬೇಕು, ಮತ್ತೆ ಕೆಲಸಕ್ಕೆ ಹಚ್ಚಬೇಕು. ಡಿಸ್ಕ್‌ಪಾರ್ಟ್ ಎಂಬ ಸಲಕರಣೆಯಲ್ಲಿ ಒಂದೊಂದೇ ಆದೇಶ ಟೈಪ್ ಮಾಡಿ ಮಾಡುವ ಕೆಲಸ. ಗೊತ್ತಿದ್ದವನಿಗೆ ಹತ್ತು ಹದಿನೈದು ನಿಮಿಷ. ಗೊತ್ತಿಲ್ಲದವನು ಮೂರನೇ ಕೋಣೆ ಅನ್ನುವ ಕಡೆ ನಾಲ್ಕನೇದು ಅಂದರೆ ಮುಗೀತು, ಇಡೀ ಮಾಲು ಗೋವಿಂದ. ಡಿ ಡ್ರೈವ್ ನಡುವೆ ಅಡ್ಡ ಬಂದಿದ್ದರೆ, ಅಥವಾ ಕೋಣೆ ಡಿಸ್ಕಿನ ಮುಂಭಾಗದಲ್ಲಿದ್ದರೆ ಇಷ್ಟು ಸಲೀಸಾಗಿಯೂ ಆಗದು. ಜನಸಾಮಾನ್ಯರು ಇದನ್ನು ಮಾಡಿಕೊಳ್ಳಲಿ ಎಂದು ಒಂದು ಕಂಪನಿ ಹೇಳುತ್ತದೆ ಎಂದರೆ, ನಲ್ಲಿ ಸೋರಿದರೆ ನೀವೇ ರಸ್ತೆ ಅಗೆದುಕೊಳ್ಳಿ ಎಂದು ನೀರಿನ ಇಲಾಖೆಯವರು ಹೇಳಿದ ಹಾಗಾಯಿತು.

ಕಂಪನಿ ತಾನಾಗಿ ಸರಿಮಾಡಿಕೊಡುತ್ತದೆ ಎಂದು ಜನ ಏಪ್ರಿಲ್ ತನಕ ಕಾದರು. ಆ ತಿಂಗಳ ಕೊನೆಗೆ ಬಂದ ಉತ್ತರ: ತಾನಾಗಿ ಸರಿಹೋಗುವ ವ್ಯವಸ್ಥೆ ಬರುವುದಿಲ್ಲ, ಗೋಡೆ ಸರಿಸಿಕೊಳ್ಳುವುದೇ ದಾರಿ. ಆಗಸ್ಟಿನಲ್ಲಿ ಆ ಅಪ್‌ಡೇಟನ್ನೇ ಹಿಂದಕ್ಕೆ ಪಡೆದು, ಕೋಣೆಯಲ್ಲಿ ಜಾಗ ಇರುವ ಯಂತ್ರಗಳಿಗೆ ಮಾತ್ರ ಹೋಗುವಂಥ ಬೇರೊಂದನ್ನು ಬಿಟ್ಟರು. ಈ ಬುದ್ಧಿ ಜನವರಿಯಲ್ಲೇ ಬಂದಿದ್ದರೆ?

ಅದೇ ನಂಬರು, ಬೇರೆ ಕತೆ

2025ರ ಏಪ್ರಿಲಿನಲ್ಲಿ ಹಿಂದಿನ ಕೋಣೆಗೆ ಇನ್ನೊಂದು ಅಪ್‌ಡೇಟು ಬಂತು, ಕೆಬಿ 5057589. ಮತ್ತೆ ಅದೇ 0643! ಊರಿನಲ್ಲಿ ಮತ್ತೆ ಪೆನ್‌ಡ್ರೈವ್ ಮಾಲೆಗಳು ಓಡಾಡತೊಡಗಿದವು. ಈ ಸಲದ ವಿಚಾರವೇ ಬೇರೆ. ಇನ್ನೊಂದು ಅಪ್‌ಡೇಟು ರೀಸ್ಟಾರ್ಟಿಗೆ ಕಾಯುತ್ತಾ ಕೂತಿರುವಾಗ ಇದು ಹೋದರೆ ಕೆಂಪು ಅಕ್ಷರ ಬರುತ್ತಿತ್ತು. ಆ ಸೂಚನೆಯೇ ಸರಿಯಿಲ್ಲ, ಯಂತ್ರಕ್ಕೆ ಏನೂ ಆಗಿಲ್ಲ, ರೀಸ್ಟಾರ್ಟ್ ಆದಮೇಲೆ ಸಾಮಾನ್ಯವಾಗಿ ಅಪ್‌ಡೇಟು ಆಗಿಯೇ ಇರುತ್ತದೆ ಎಂದು ಕಂಪನಿ ತಿಳಿಸಿತು.

ಅಂದರೆ ಒಂದೇ ನಂಬರಿಗೆ, ಒಂದು ಯಂತ್ರದಲ್ಲಿ ಜಾಗ ಸಾಲದು ಎಂಬ ಅರ್ಥ, ಇನ್ನೊಂದರಲ್ಲಿ ಕೋಣೆಯೇ ಇಲ್ಲ ಎಂಬ ಅರ್ಥ, ಮತ್ತೊಂದರಲ್ಲಿ ಏನೂ ಆಗಿಲ್ಲ, ಸುಮ್ಮನಿರಿ ಎಂಬ ಅರ್ಥ. ಹಾಗಾಗಿ ನಂಬರು ಮಾತ್ರ ನೋಡಿದರೆ ಸಾಲದು. ಅದರ ಪಕ್ಕದಲ್ಲಿ ಕೆಬಿ ಎಂದು ಶುರುವಾಗುವ ಅಪ್‌ಡೇಟಿನ ಹೆಸರು ಇರುತ್ತದಲ್ಲ, ಅದನ್ನೂ ನೋಡಬೇಕು. ಮೊಬೈಲಿನಲ್ಲಿ ಒಂದು ಫೋಟೋ ಹೊಡೆದುಕೊಂಡರೆ ಆಯಿತು. ಕಂಪನಿಯ ಸಹಾಯ ಪುಟದಲ್ಲಿ ಆ ಹೆಸರು ಹಾಕಿದರೆ 'ತಿಳಿದಿರುವ ತೊಂದರೆಗಳು' ಎಂಬ ಭಾಗ ಸಿಗುತ್ತದೆ. ಇಂಗ್ಲಿಷಿನಲ್ಲಿರುತ್ತದೆ, ನಿಜ. ಕಾಲೇಜಿಗೆ ಹೋಗುವ ಹುಡುಗರು ಅಂಗಡಿಗೆ ದಿನಾ ಬರುತ್ತಾರೆ, ಓದಿಸಿಕೊಳ್ಳಿ. ಒಂದು ಜೆರಾಕ್ಸ್ ಪುಕ್ಕಟೆ ಕೊಟ್ಟರೆ ನಷ್ಟವಿಲ್ಲ.

ಹಾಗಂತ ಎಲ್ಲ ಕೆಂಪು ಅಕ್ಷರವೂ ಸುಳ್ಳಲ್ಲ. ಸಿ ಡ್ರೈವ್ ನಿಜಕ್ಕೂ ತುಂಬಿ ತುಳುಕುತ್ತಿರಬಹುದು. ಅಪ್‌ಡೇಟು ಅರ್ಧಕ್ಕೆ ಬಂದಾಗ ಕರೆಂಟು ಹೋಗಿ, ಇಳಿಸಿಕೊಂಡ ಫೈಲು ಹಾಳಾಗಿರಬಹುದು. ಆಗ ಹಳೇ ಫೈಲು ತೆಗೆದು ಹೊಸದಾಗಿ ಇಳಿಸಿಕೊಂಡರೆ ಸರಿಹೋಗುತ್ತದೆ, ವಿಂಡೋಸಿನ ಒಳಗೇ ಇರುವ ತಪಾಸಣೆ ಸಲಕರಣೆ ಓಡಿಸಿದರೂ ಕೆಲವು ಸಲ ಸಾಕು. ಬೆಳಿಗ್ಗೆ ಹಾಕಿದಾಗಲೆಲ್ಲ ಗಡಿಯಾರ ಹಳೇ ವರ್ಷಕ್ಕೆ ಹೋಗುತ್ತಿದ್ದರೆ ಒಳಗಿನ ಗುಂಡಿ ಸೆಲ್ಲು ಸತ್ತಿದೆ ಎಂದರ್ಥ. ತಾರೀಕು ತಪ್ಪಾದರೆ ಅಪ್‌ಡೇಟು ಕೊಡುವ ಕಡೆಯ ಗುರುತಿನ ಚೀಟಿ ಇನ್ನೂ ಚಾಲ್ತಿಗೆ ಬಂದಿಲ್ಲ ಎಂದು ಕಂಪ್ಯೂಟರ್ ತಿಳಿದುಕೊಂಡು ಬಾಗಿಲನ್ನೇ ತೆಗೆಯುವುದಿಲ್ಲ. ಸೆಲ್ಲಿನ ಬೆಲೆ ಚಿಲ್ಲರೆ ಕಾಸು. ಇದಕ್ಕೂ ಫಾರ್ಮ್ಯಾಟ್ ಹೊಡೆದು ಎಂಟುನೂರು ಕಿತ್ತ ಉದಾಹರಣೆ ಹಳೇ ಬಸ್ ಸ್ಟ್ಯಾಂಡ್ ಕಡೆಯ ಒಬ್ಬ ದಿನಸಿ ವ್ಯಾಪಾರಿ ಹೇಳಿದರು. 'ಫಾರ್ಮ್ಯಾಟ್ ಹೊಡೆದ ಮರುದಿನಾನೂ 2009 ಅಂತಾನೇ ತೋರಿಸ್ತಿತ್ರಿ' ಎಂದು ನಕ್ಕರು. ಅವರ ಲೆಕ್ಕ ಪುಸ್ತಕದಲ್ಲಿತ್ತು, ಆದ್ದರಿಂದ ನಗು ಬಂತು.

ರಿಪೇರಿಯವರೆಲ್ಲ ಹೀಗೇ ಎಂದು ಬರೆದರೆ ತಪ್ಪಾದೀತು. ಈ ಲೇಖನಕ್ಕೆ ಡಿಸ್ಕಿನ ನಕ್ಷೆ ಬರೆದು ತೋರಿಸಿದವರೂ ನಮ್ಮೂರಿನ ಒಬ್ಬ ರಿಪೇರಿಯವರೇ. ಅವರು ಕೈ ಹಚ್ಚುವ ಮೊದಲು ಗಿರಾಕಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು 'ನಿಮಗೆ ಬೇಕಾದದ್ದು ಯಾವ್ಯಾವುದು, ತೋರಿಸ್ರಿ' ಅನ್ನುತ್ತಾರೆ. ಡೆಸ್ಕ್‌ಟಾಪು, ಡೌನ್‌ಲೋಡು, ಡಾಕ್ಯುಮೆಂಟು ಮೂರನ್ನೂ ಬೇರೆ ಡಿಸ್ಕಿಗೆ ಎತ್ತಿಟ್ಟು, ಅಲ್ಲಿ ತೆರೆದು ತೋರಿಸಿ, ಆಮೇಲೆ ಕೆಲಸ. 'ಫಾರ್ಮ್ಯಾಟ್ ಹೊಡೆಯೋದು ಸುಲಭ, ಅದಕ್ಕೇ ಎಲ್ಲರೂ ಹೊಡೀತಾರೆ' ಎಂದರು. ಅವರ ಅಂಗಡಿಗೆ ಬೋರ್ಡೂ ಇಲ್ಲ.

ಉದ್ರಿ ಏನಾಯಿತು?

ಪಟ್ಟಿ ಹೋದಮೇಲೆ ಜೆರಾಕ್ಸ್ ಅಂಗಡಿಯವರು ನೆನಪಿನ ಮೇಲೆ ಕೂತು ಬರೆದರು. ಅರವತ್ತು ಚಿಲ್ಲರೆ ಹೆಸರು ಇದ್ದದ್ದರಲ್ಲಿ ಮೂವತ್ತೆರಡು ನೆನಪಾದವು, ಮೊತ್ತ ಅದಕ್ಕಿಂತ ಕಡಿಮೆಯವರದು. ಹೊಲಿಗೆ ಅಂಗಡಿಯ ಒಬ್ಬ ಹಿರಿಯರು ತಾವಾಗಿಯೇ ಬಂದು 'ನಂದು ನಾನೂರ ಎಪ್ಪತ್ತು ಇತ್ತಲ್ಲ' ಎಂದು ಎಣಿಸಿ ಇಟ್ಟು ಹೋದರು. ಟ್ಯೂಷನ್ ಹೇಳುವ ಮೇಡಂ ತಮ್ಮ ಡೈರಿ ತಂದು ತೋರಿಸಿ ಕೊಟ್ಟರು. ವರ್ಷಗಟ್ಟಲೆ ಜೆರಾಕ್ಸ್ ಮಾಡಿಸಿಕೊಂಡ ಒಂದು ಕಚೇರಿಯವರು ಮಾತ್ರ 'ಲೆಕ್ಕ ತೋರಿಸಿ, ಬಿಲ್ ಪಾಸ್ ಮಾಡ್ತೀವಿ' ಅಂದರು. ಲೆಕ್ಕ ಎಲ್ಲಿಂದ ತೋರಿಸುವುದು? ಆ ದುಡ್ಡು ಬರಲಿಲ್ಲ. ಮಗಳ ಶಾಲೆ ಫೀಜಿಗೆ ಅದನ್ನೇ ನಂಬಿಕೊಂಡಿದ್ದರಂತೆ. ಆ ವರ್ಷ ಸೊಸೈಟಿಯಲ್ಲಿ ಕೈಸಾಲ ಆಯಿತು. ನಾಮಕರಣದ ವಿಡಿಯೋ ತೆಗೆದ ಸ್ಟುಡಿಯೋದವರನ್ನೂ ಕೇಳಿ ನೋಡಿದರು, ಅವರ ಹತ್ತಿರವೂ ಉಳಿದಿರಲಿಲ್ಲ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟು ಕೊಡುವುದನ್ನು ಕಂಪನಿ ನಿಲ್ಲಿಸಿತು. ಹೆಸರು ನೋಂದಾಯಿಸಿಕೊಂಡ ಸಾಮಾನ್ಯ ಬಳಕೆದಾರರಿಗೆ 2026ರ ಅಕ್ಟೋಬರ್ 13ರ ತನಕ ಭದ್ರತೆಯ ಅಪ್‌ಡೇಟು ಮಾತ್ರ ಎಂದು ಗಡುವು ಕೊಟ್ಟಿತು. ಆ ಸುದ್ದಿ ಬಂದ ವಾರವೇ ಕುತ್ತಿಗೆಯ ಪೆನ್‌ಡ್ರೈವ್ ಸಮೇತ ಅದೇ ಮಹಾನುಭಾವ ಜೆರಾಕ್ಸ್ ಅಂಗಡಿಗೆ ಬಂದಿದ್ದ. 'ಸಾರ್, ನಿಮ್ಮ ಸಿಸ್ಟಂ ಇನ್ನು ನಡೆಯಲ್ಲ, ಹೊಸದು ತಗೋಬೇಕು, ಇಲ್ಲಾ ಫಾರ್ಮ್ಯಾಟ್ ಹೊಡೆದು ಕೊಡ್ತೀನಿ.'

ಮಾಲೀಕರು ಮಾತಾಡಲಿಲ್ಲ. ಗಲ್ಲಾದ ಕೆಳಗಿನಿಂದ ಕೆಂಪು ಬಟ್ಟೆ ರಟ್ಟಿನ ಉದ್ದ ಖಾತೆ ಪುಸ್ತಕ ತೆಗೆದು, ಮೊದಲ ಪುಟ ತಿರುಗಿಸಿ ಅವನ ಮುಂದೆ ಹಿಡಿದರು. ಮೊದಲ ಸಾಲಿನಲ್ಲಿ ಅವನ ಹೆಸರು, ಎದುರಿಗೆ ಎಂಟುನೂರು ರೂಪಾಯಿ, ಬರಬೇಕಾದ ಬಾಕಿ ಎಂದು ಬರೆದಿತ್ತು. ಅವನು ಚಾ ಕುಡಿದು ಬರ್ತೀನಿ ಎಂದು ಹೋದ.